ಕಟ್ಟೆಯ ತಿರುವಿನಲ್ಲಿ ನಮ್ಮತ್ತೆ ಬೀಳುತ್ತಿದ್ದದ್ದು

ನಮ್ಮತ್ತೆ ಹುಚ್ಚಕ್ಕ ಸೈಕಲ್ಲಿನಿಂದ ಬಿದ್ದದ್ದು ಒಟ್ಟು ಇಪ್ಪತ್ತಮೂರು ಸಲ. ಈ ಲೆಕ್ಕ ಇಟ್ಟವಳು ನಾನಲ್ಲ, ಆರು ವರ್ಷದ ನನ್ನ ಮಗಳು ರಮ್ಯಾ. ಅಜ್ಜಿ ಬಿದ್ದಾಗಲೆಲ್ಲ ಅವಳು ಒಲೆಯ ಇದ್ದಿಲು ತಂದು ಹಿತ್ತಿಲ ಗೋಡೆಯ ಮೇಲೆ ಒಂದು ಗೆರೆ ಎಳೆಯುತ್ತಿದ್ದಳು. ಆ ಇಪ್ಪತ್ತಮೂರರಲ್ಲಿ ಹದಿನಾಲ್ಕು ಸಲ ಬಿದ್ದದ್ದು ಒಂದೇ ಜಾಗದಲ್ಲಿ, ಒಬ್ಬರೇ ಮನುಷ್ಯರ ಎದುರಿಗೆ.

ನಮ್ಮ ಹಟ್ಟಿ ಇರುವುದು ಶ್ರೀರಾಂಪುರದ ಆಚೆ, ಟಾರು ರಸ್ತೆಯಿಂದ ಮೂರೂವರೆ ಕಿಲೋಮೀಟರ್ ಒಳಗೆ. ಮೂವತ್ತು ಮನೆ, ಹೆಚ್ಚಿನವರು ಕುರಿ ಸಾಕುವವರು. ನಾನು ಹುಟ್ಟಿ ಬೆಳೆದು ಡಿಗ್ರಿ ಮುಗಿಸಿದ್ದು ದಾವಣಗೆರೆಯಲ್ಲಿ. ಮದುವೆಯಾಗಿ ಬಂದು ಎಂಟು ವರ್ಷವಾದರೂ ಇಲ್ಲಿಯ ಹಳ್ಳ, ಹಾವು, ಬೀದಿನಾಯಿ, ಅಡ್ಡಾದಿಡ್ಡಿ ಓಡುವ ಟ್ರ್ಯಾಕ್ಟರು, ಒಂದರ ಭಯವೂ ನನ್ನನ್ನು ಬಿಟ್ಟಿಲ್ಲ. ನನ್ನ ಗಂಡ ಮೋಹನ್‌ಕುಮಾರ್ ಗುಡ್ಡದ ಮೇಲಿನ ಗಾಳಿಯಂತ್ರಗಳ ರಿಪೇರಿ ಕೆಲಸದಲ್ಲಿದ್ದಾರೆ. ಬೆಳಿಗ್ಗೆ ಆರಕ್ಕೆ ಬೈಕ್ ಹತ್ತಿದರೆ ಮನೆಗೆ ಬರುವುದು ಸಂಜೆಗೇ. ಕಳೆದ ವರ್ಷ ಫೆಬ್ರುವರಿಯಲ್ಲಿ ನನಗೆ ಎರಡನೆಯ ಹೆರಿಗೆಯಾಯಿತು, ಗಂಡುಮಗು, ಸಿಸೇರಿಯನ್. ಜೂನ್ ತಿಂಗಳಲ್ಲಿ ರಮ್ಯಾಳನ್ನು ಒಂದನೇ ತರಗತಿಗೆ ಸೇರಿಸಬೇಕಿತ್ತು. ಶಾಲೆ ಇರುವುದು ಟಾರು ರಸ್ತೆಯ ಮೇಲಿನ ಊರಿನಲ್ಲಿ.

ಹಟ್ಟಿಯ ದೊಡ್ಡ ಮಕ್ಕಳು ಹಳ್ಳ ದಾಟಿ, ಹೊಲದ ಬದುವಿನ ಮೇಲೆ ಓಡುತ್ತಾ ಶಾಲೆಗೆ ಹೋಗುತ್ತಾರೆ. ಅವರ ಹಿಂದೆ ನನ್ನ ಮಗಳನ್ನು ಬಿಡುವ ಧೈರ್ಯ ನನಗಿರಲಿಲ್ಲ. ನಾನೇ ಕರೆದುಕೊಂಡು ಹೋಗೋಣವೆಂದರೆ ಹೊಲಿಗೆ ಹಾಕಿದ ಹೊಟ್ಟೆ, ಕಂಕುಳಲ್ಲಿ ಹಸುಗೂಸು. ಅತ್ತೆ ನಮ್ಮ ಹಟ್ಟಿಯ ಅಂಗನವಾಡಿಯಲ್ಲಿ ಸಹಾಯಕಿ. ಒಂಬತ್ತೂವರೆಗೆ ಅವರು ಬಾಗಿಲು ತೆಗೆದು ಕಸ ಹೊಡೆದಿರಬೇಕು. ಶಾಲೆಯ ಗೇಟು ತೆಗೆಯುವುದೇ ಒಂಬತ್ತಕ್ಕೆ. ಅಲ್ಲಿ ಬಿಟ್ಟು ನಡೆದು ಬರುವಷ್ಟರಲ್ಲಿ ಅಂಗನವಾಡಿ ಮುಂದೆ ಹತ್ತು ಮಕ್ಕಳು ಮೂಗು ಸುರಿಸುತ್ತಾ ನಿಂತಿರುತ್ತವೆ.

ಎಲ್ಲ ಕೂಡಿಸಿ ಕಳೆದು ನಾನೇ ಅಂದೆ, "ಈ ವರ್ಷ ಬೇಡ ಬಿಡಿ ಅತ್ತೆ. ಮುಂದಿನ ವರ್ಷ ಸೇರಿಸೋಣ. ಒಂದು ವರ್ಷಕ್ಕೆ ಏನಾಗುತ್ತೆ?"

ಮುದ್ದೆ ಕಟ್ಟುತ್ತಿದ್ದ ಅತ್ತೆಯ ಕೈ ನಿಂತಿತು.

"ಒಂದ್ವರ್ಷ ಅಂತೀಯಲ್ಲ ತಾಯಿ, ನಂಗೆ ಸಿಕ್ಕಿದ್ದು ಮೂರೇ ದಿನ."

ಆ ಮೂರು ದಿನದ ಕಥೆ ನನಗೆ ಗೊತ್ತಿತ್ತು. ಅತ್ತೆಗೆ ಎಂಟೋ ಒಂಬತ್ತೋ ವರ್ಷ. ಅವರಪ್ಪ ಹೊಳಲ್ಕೆರೆ ಕಡೆಯ ಒಂದು ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸಿದ್ದರು. ಪಕ್ಕದಲ್ಲೇ ಶಾಲೆ. ಕಿಟಕಿಯ ಸರಳು ಹಿಡಿದು ನಿಂತ ಹುಡುಗಿಯನ್ನು ಮೇಷ್ಟ್ರು ಒಳಗೆ ಕರೆದು ಕೂರಿಸಿದರಂತೆ. ಮೊದಲ ದಿನ ಅ, ಆ. ಎರಡನೆಯ ದಿನ ಇ, ಈ. ಮೂರನೆಯ ದಿನ ಉ ಬರೆಯುವಾಗ ಸ್ಲೇಟು ತುಂಬಿ ಹೋಯಿತು, ನಾಳೆ ಬರೆಯುವೆಯಂತೆ ಅಂದರಂತೆ. ನಾಲ್ಕನೆಯ ದಿನ ಬೆಳಿಗ್ಗೆ ಮಂದೆ ಮುಂದಿನ ಹೊಲಕ್ಕೆ ಹೊರಟಿತು. ಅತ್ತೆ ಈ ಕಥೆಯನ್ನು ಅಳುತ್ತಾ ಹೇಳುವವರಲ್ಲ. "ಉ ಅರ್ಧಕ್ಕೇ ನಿಂತೈತೆ ನೋಡು" ಎಂದು ನಗುತ್ತಲೇ ಹೇಳುತ್ತಾರೆ.

ಆವತ್ತು ಊಟವಾದ ಮೇಲೆ ಕುರಿರೊಪ್ಪದ ಜಂತಿಗೆ ನೇತು ಹಾಕಿದ್ದ ಸೈಕಲ್ಲನ್ನು ಅತ್ತೆ ಕೆಳಗಿಳಿಸಿದರು. ನನ್ನ ನಾದಿನಿ ಲತಾಳಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟದ್ದು ಅದು. ಅವಳು ಮದುವೆಯಾಗಿ ಭರಮಸಾಗರಕ್ಕೆ ಹೋದ ಮೇಲೆ ಯಾರೂ ಮುಟ್ಟಿರಲಿಲ್ಲ.

"ಏನ್ ಮಾಡ್ತೀರಿ ಅತ್ತೆ ಅದನ್ನ?"

"ಕಲೀತೀನಿ. ಕೂಸನ್ನ ಹಿಂದಕ್ಕೆ ಕುಂಡ್ರುಸ್ಕಂಡು ಬಿಟ್ಟು ಬರ್ತೀನಿ. ಸೈಕಲ್ಲಾದ್ರೆ ಒಂಬತ್ತೂವರೆಗೆ ಬಂದ್ಬಿಡ್ಬೌದು."

ಅವರಿಗೆ ಆಗ ಐವತ್ತಮೂರು ವರ್ಷ. ಕುರಿಯ ಹಿಂದೆ ಜಿಲ್ಲೆಗಳನ್ನೇ ದಾಟಿದ ಕಾಲು, ಆದರೆ ಪೆಡಲ್ ತುಳಿದದ್ದಲ್ಲ. ನನ್ನ ಮಾವ ಮಂಜಣ್ಣ ಬೀಡಿ ಹಚ್ಚುತ್ತಾ ಒಂದೇ ಮಾತು ಹೇಳಿದರು: "ಇವ್ಳು ಸೈಕಲ್ ಹತ್ತಿದ್ರೆ, ನಾಳೆ ನನ್ ಕುರಿ ಬಸ್ ಹತ್ತತಾವೆ."

ಅತ್ತೆ ಕಲಿತ ರೀತಿಯನ್ನು ನಾನು ಯಾವ ಊರಿನಲ್ಲೂ ನೋಡಿಲ್ಲ. ಮೊದಲ ಮೂರು ದಿನ ಅವರು ಸೈಕಲ್ ಹತ್ತಲೇ ಇಲ್ಲ. ಸಂತೆಯಿಂದ ತಂದ ಹೊಸ ಕುರಿಯನ್ನು ಮಂದೆಗೆ ಹೊಂದಿಸುವಾಗ ಹೇಗೆ ಅದರ ಬೆನ್ನ ಮೇಲೆ ಕೈಯಿಟ್ಟು ಜೊತೆಗೆ ನಡೆಸುತ್ತಾರೋ, ಹಾಗೆ ಸೀಟಿನ ಮೇಲೆ ಕೈಯಿಟ್ಟು ಕಣದ ಸುತ್ತ ನಡೆಸಿದರು. "ಮೊದ್ಲು ಇದುಕ್ಕೆ ನಾನು ಗೊತ್ತಾಗ್ಲಿ" ಅಂದರು. ನಾಲ್ಕನೆಯ ದಿನ ಕಲ್ಲಿನ ಮೇಲೆ ಕಾಲಿಟ್ಟು ಹತ್ತಿದರು. ಸೈಕಲ್ ಚೆನ್ನಾಗಿಯೇ ಓಡಿತು. ನಾನು ಮಗುವನ್ನೆತ್ತಿಕೊಂಡು ಹಿಂದೆ ಓಡುತ್ತಾ "ಬ್ರೇಕು ಹಿಡೀರಿ, ಬ್ರೇಕು!" ಎಂದು ಕೂಗಿದೆ. ಎದುರಿಗೆ ಹುಲ್ಲಿನ ಬಣವೆ. ಅತ್ತೆ ಬ್ರೇಕು ಮುಟ್ಟಲಿಲ್ಲ. ಮಂದೆಯನ್ನು ನಿಲ್ಲಿಸುವಾಗ ಕೂಗುವಂತೆ ಗಂಟಲೆತ್ತಿ "ಟುರ್ರ್... ಓ!" ಎಂದರು.

ಸೈಕಲ್ ನಿಲ್ಲಲಿಲ್ಲ. ಹಿತ್ತಿಲಿನಲ್ಲಿದ್ದ ನಮ್ಮ ನಾಲ್ಕು ಆಡು ಮಾತ್ರ ಕಲ್ಲಿನಂತೆ ನಿಂತವು. ಅತ್ತೆ ಬಣವೆಯೊಳಗೆ ಅರ್ಧ ಹೋದರು.

ಪಕ್ಕದ ಮನೆಯ ಕಾಳಕ್ಕ ಬೇಲಿಯ ಮೇಲಿಂದ ನೋಡುತ್ತಿದ್ದವಳು, "ಏ ಹುಚ್ಚಕ್ಕ, ಬಿದ್ಯೇನೇ?" ಅಂದಳು.

ಅತ್ತೆ ತಲೆಯಿಂದ ಹುಲ್ಲು ಕಿತ್ತುಕೊಳ್ಳುತ್ತಾ, "ಯಾವೋಳು ಬಿದ್ದೋಳು? ನಾನು ಇಳಿದೆ" ಅಂದರು.

ಮುಂದೆ ಇದೇ ಅವರ ಮಾತಾಯಿತು. ತಿಪ್ಪೆಗೆ ಬಿದ್ದಾಗಲೂ ಇಳಿದದ್ದೇ. ಟಾರು ರಸ್ತೆಯಲ್ಲಿ ಬಸ್ಸಿನ ಜನರೆಲ್ಲ ಕಿಟಕಿಯಿಂದ ಇಣುಕುವಾಗ ನಿಂತ ಜಾಗದಲ್ಲೇ ಪಕ್ಕಕ್ಕೆ ವಾಲಿಕೊಂಡಾಗಲೂ, ಸಾವಕಾಶವಾಗಿ ಎದ್ದು, ಚೈನನ್ನು ಬಗ್ಗಿ ನೋಡಿ, "ಸರಿ ಐತೆ" ಎಂದು ತಲೆಯಾಡಿಸಿ, ಚೈನು ನೋಡುವುದಕ್ಕೇ ಇಳಿದವರ ಹಾಗೆ ಹೊರಟರು. ದೊಡ್ಡ ಪೆಟ್ಟು ಯಾವತ್ತೂ ಆಗಲಿಲ್ಲ. ಮೊಣಕೈ ತರಚುವುದು, ಸೀರೆ ಚೈನಿಗೆ ಸಿಕ್ಕಿ ಹರಿಯುವುದು, ಒಂದು ಬಳೆ ಒಡೆಯುವುದು, ಅಷ್ಟೆ. ನಾನು ಮಾತ್ರ ಪ್ರತಿ ಸಲವೂ ಫೋನಿನಲ್ಲಿ ಧನುರ್ವಾಯುವಿನ ಲಕ್ಷಣಗಳನ್ನು ಓದುತ್ತಾ ಕೂರುತ್ತಿದ್ದೆ.

ಇಲ್ಲಿ ನನ್ನದೊಂದು ಮಾತು ಹೇಳಬೇಕು. ನನಗೂ ಸೈಕಲ್ ಬರುತ್ತಿತ್ತು. ಎಂಟನೇ ಕ್ಲಾಸಿನಲ್ಲಿದ್ದಾಗ, ದಾವಣಗೆರೆಯಲ್ಲಿ ನಮ್ಮ ಸ್ಕೂಲಿನ ಗೇಟಿನ ಮುಂದೆಯೇ, ನೀರಿನ ಗುಂಡಿಯೊಂದರಲ್ಲಿ ಬಿದ್ದೆ. ಬ್ಯಾಗಿನ ಪುಸ್ತಕವೆಲ್ಲ ಕೆಸರು. ಹುಡುಗರು ಚಪ್ಪಾಳೆ ತಟ್ಟಿದರು. ಯಾವ ಗಾಯವೂ ಆಗಿರಲಿಲ್ಲ. ಆದರೂ ಮಾರನೆಯ ದಿನದಿಂದ ಆಟೋದಲ್ಲಿ ಹೋದೆ, ಮತ್ತೆ ಸೈಕಲ್ ಮುಟ್ಟಲಿಲ್ಲ. ಒಂದೇ ಸಲ ಬಿದ್ದವಳು ನಾನು. ಹಾಗಾಗಿ ಅತ್ತೆ ಐದನೆಯ ಸಲ, ಎಂಟನೆಯ ಸಲ ಎದ್ದು ಸೀರೆ ಕೊಡವಿಕೊಳ್ಳುವುದನ್ನು ನೋಡುವಾಗ ನನಗೆ ಆಗುತ್ತಿದ್ದದ್ದು ಬರೀ ಗಾಬರಿಯಲ್ಲ.

ಮೇ ತಿಂಗಳು ಮುಗಿಯುವ ಹೊತ್ತಿಗೆ ಅತ್ತೆ ನೇರ ದಾರಿಯಲ್ಲಿ ಸರಾಗವಾಗಿ ಹೋಗುತ್ತಿದ್ದರು. ಬ್ರೇಕು ಕೈಗೆ ಬಂದಿತ್ತು. ಆದರೆ ಹಟ್ಟಿಯಿಂದ ಹೊರಗೆ ಹೋಗುವ ದಾರಿ ಒಂದೇ. ಅದು ಬೇವಿನಮರದ ಕಟ್ಟೆಯನ್ನು ಸುತ್ತಿ ಎಡಕ್ಕೆ ತಿರುಗುತ್ತದೆ. ಆ ಕಟ್ಟೆಯ ಮೇಲೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕಂಬಳಿ ಹಾಸಿಕೊಂಡು ಕೂರುವವರು ಚಿಕ್ಕತಿಮ್ಮಪ್ಪನವರು, ನಮ್ಮ ಮಾವನ ಅಣ್ಣ. ಎಂದರೆ ಅತ್ತೆಗೆ ಭಾವ.

ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಭಾವನ ಎದುರಿಗೆ ತಲೆಯ ಮೇಲೆ ಸೆರಗಿಲ್ಲದೆ ಹೋಗುವಂತಿಲ್ಲ. ಇಬ್ಬರೂ ನೇರವಾಗಿ ಮಾತಾಡುವಂತೆಯೂ ಇಲ್ಲ. ಮೂವತ್ತಾರು ವರ್ಷದಲ್ಲಿ ಚಿಕ್ಕತಿಮ್ಮಪ್ಪನವರು ಅತ್ತೆಗೆ ಹೇಳಬೇಕಾದದ್ದನ್ನೆಲ್ಲ ತಮ್ಮ ನಾಯಿಗೆ ಹೇಳಿದ್ದಾರೆ. ಈಗಿನ ನಾಯಿಯ ಹೆಸರು ಕರಿಯ.

ಸೈಕಲ್ ಕಟ್ಟೆಯ ತಿರುವಿಗೆ ಬರುತ್ತಿತ್ತು. ಭಾವನವರ ಕೆಂಪು ರುಮಾಲು ಕಣ್ಣಿಗೆ ಬೀಳುತ್ತಿತ್ತು. ಅತ್ತೆಯ ಬಲಗೈ ಹ್ಯಾಂಡಲ್ ಬಿಟ್ಟು ಸೆರಗಿಗೆ ಹೋಗುತ್ತಿತ್ತು. ತಿರುವಿನಲ್ಲಿ ಒಂದು ಕೈಯ ಸೈಕಲ್ ಏನಾಗಬೇಕೋ ಅದಾಗುತ್ತಿತ್ತು. ಪ್ರತಿ ಸಲವೂ ಅದೇ ಬೇಲಿ, ಅದೇ ಎಕ್ಕದ ಗಿಡ.

ಪಾಪ, ಚಿಕ್ಕತಿಮ್ಮಪ್ಪನವರ ಪಾಡು ನೋಡಬೇಕಿತ್ತು. ತಮ್ಮನ ಹೆಂಡತಿಯನ್ನು ಮುಟ್ಟಿ ಎಬ್ಬಿಸುವಂತಿಲ್ಲ, ಮಾತಾಡಿಸುವಂತಿಲ್ಲ, ನಗುವಂತಂತೂ ಮೊದಲೇ ಇಲ್ಲ. ಅವರು ಬೇವಿನ ಮರದ ಕಡೆ ಮುಖ ತಿರುಗಿಸಿ ಕೆಮ್ಮುತ್ತಿದ್ದರು.

"ಲೇ ಕರಿಯ, ಯಾರಾನ ಹೆಂಗಸ್ರು ಅದಾರೇನ್ ನೋಡ್ಲೇ. ಬಂದು ಎಬ್ಬುಸ್ರಿ ಅಂತ ಹೇಳ್ಲೇ."

ಬೇಲಿಯೊಳಗಿಂದ ಅತ್ತೆ ಸೆರಗನ್ನು ತಲೆಯ ಮೇಲೆಳೆದುಕೊಂಡು, "ಏ ಕರಿಯ, ಯಾರೂ ಬರಾದು ಬ್ಯಾಡ ಅನ್ನು. ನಾನು ಇಳಿದಿದ್ದು ಅಂತ ಹೇಳು" ಅನ್ನುತ್ತಿದ್ದರು. ಕರಿಯ ಇಬ್ಬರ ಮುಖವನ್ನೂ ನೋಡಿ ಬಾಲ ಅಲ್ಲಾಡಿಸುತ್ತಿತ್ತು.

ಒಮ್ಮೆ ಮೊಣಕೈ ಸ್ವಲ್ಪ ಜಾಸ್ತಿಯೇ ತರಚಿತು. ಮೋಹನ್ ಬರುವವರೆಗೂ ಕಾಯದೆ ಕಾಳಕ್ಕನ ಮಗನ ಆಟೋ ಹಿಡಿದು ಶ್ರೀರಾಂಪುರದ ಆಸ್ಪತ್ರೆಗೆ ಕರೆದೊಯ್ದೆ. ನರ್ಸಮ್ಮ ಇಂಜೆಕ್ಷನ್ ತುಂಬುತ್ತಾ, "ಹೆಂಗೆ ಬಿದ್ರಿ ಅಜ್ಜಿ?" ಎಂದು ಕೇಳಿದರು.

"ಬಾವನೋರು ಬಂದ್ರು" ಅಂದರು ಅತ್ತೆ.

ನರ್ಸಮ್ಮ ನನ್ನ ಮುಖ ನೋಡಿದರು.

ಅಲ್ಲಿಂದ ಬಂದ ದಿನವೇ ನಾನು ಷರತ್ತು ಹಾಕಿದೆ. ಶಾಲೆ ಆಗಲೇ ಶುರುವಾಗಿತ್ತು. ರಮ್ಯಾಳ ಹೆಸರು ಹಚ್ಚಿಸಿದ್ದೆವು, ಆದರೆ ಮೋಹನ್‌ಗೆ ರಜೆ ಇದ್ದ ದಿನ ಮಾತ್ರ ಅವಳು ಹೋಗುತ್ತಿದ್ದಳು. "ಹದಿನೈದು ದಿನ ಒಂದು ಸಲವೂ ಬೀಳದೆ ಓಡಿಸಿ ತೋರಿಸಿ ಅತ್ತೆ. ಹದಿನಾರನೆಯ ದಿನ ನಾನೇ ಮಗಳನ್ನು ಎತ್ತಿ ಕೂರಿಸ್ತೀನಿ. ಅಲ್ಲಿವರೆಗೂ ಕ್ಯಾರಿಯರ್ ಖಾಲಿ."

"ಹದಿನೈದೇ ತಾನೆ? ಆಯ್ತು" ಅಂದರು.

ಮೂರನೆಯ ದಿನ ಬಿದ್ದರು. ಮತ್ತೆ ಒಂದರಿಂದ ಎಣಿಕೆ. ಆರನೆಯ ದಿನ ಬಿದ್ದರು. ಮತ್ತೆ ಒಂದರಿಂದ. ಚಿಕ್ಕತಿಮ್ಮಪ್ಪನವರು ಹೊಲಕ್ಕೋ ಹೊಸದುರ್ಗಕ್ಕೋ ಹೋದ ದಿನಗಳಲ್ಲಿ ಅತ್ತೆ ಗಾಳಿಯ ಹಾಗೆ ಹೋಗಿ ಬರುತ್ತಿದ್ದರು. ಅವರು ಕಟ್ಟೆಗೆ ಬಂದ ದಿನ ಬೇಲಿ.

ನಾನು ಉಪಾಯ ಹುಡುಕಿದೆ. ಮನೆಯಲ್ಲೇ ಸೆರಗನ್ನು ತಲೆಗೆ ಹೊದಿಸಿ, ಎರಡೂ ಕಡೆ ಪಿನ್ನು ಹಾಕಿ ಕಳಿಸಿದೆ. ತಿರುವಿನಲ್ಲಿ ಸೆರಗು ಇದೆಯೋ ಇಲ್ಲವೋ ನೋಡುವುದಕ್ಕೆ ಕೈ ಮೇಲೆ ಹೋಯಿತು, ಬಿದ್ದರು. ಮಗುವನ್ನೆತ್ತಿಕೊಂಡು ಕಟ್ಟೆಗೇ ಹೋಗಿ ಚಿಕ್ಕತಿಮ್ಮಪ್ಪನವರನ್ನು ಬೇಡಿಕೊಂಡೆ, "ದೊಡ್ಡಮಾವ, ಬೆಳಿಗ್ಗೆ ಒಂದು ಗಂಟೆ ಬೇರೆ ಕಡೆ ಕೂತ್ಕೊಳ್ಳಿ."

"ಅಲ್ಲಮ್ಮ, ನಮ್ಮಪ್ಪ ಕುಂತಿದ್ ಜಾಗ ಇದು. ತಮ್ಮನ್ ಹೆಂಡ್ತಿ ಸೈಕಲ್ಲಿಗೆ ಹೆದರ್ಕಂಡು ಚಿಕ್ಕತಿಮ್ಮಪ್ಪ ಕಟ್ಟೆ ಬಿಟ್ಟ ಅಂತ ಶ್ರೀರಾಂಪುರದ ತಂಕ ಆಡ್ಕಂಬಲ್ವಾ?"

ಆದರೂ ಮಾರನೆಯ ದಿನ ಅವರೊಂದು ಪ್ರಯತ್ನ ಮಾಡಿದರು. ಸೈಕಲ್ಲಿನ ಬೆಲ್ಲು ಕೇಳಿದೊಡನೆ ಕಂಬಳಿಯನ್ನು ತಲೆಯಿಂದ ಪಾದದವರೆಗೆ ಹೊದ್ದು ಮೂಟೆಯ ಹಾಗೆ ಕೂತರು. ಅತ್ತೆ ಬಂದರು. ಕೈ ಎದ್ದಿತು. ಬಿದ್ದರು.

"ಕಂಬಳಿ ನಂಗೆ ಗೊತ್ತಾಗಲ್ವಾ?" ಅಂದರು ಆಮೇಲೆ, ಮೊಣಕಾಲಿಗೆ ಅರಿಶಿನ ಹಚ್ಚಿಕೊಳ್ಳುತ್ತಾ. "ನಾನೇ ನೂತ ನೂಲು ಅದು."

ನನಗೆ ರೇಗಿತು. "ಬಿಟ್ಟುಬಿಡಿ ಅತ್ತೆ. ಈಗಿನ ಕಾಲದಲ್ಲಿ ಯಾರು ಹೊದೀತಾರೆ ಸೆರಗು? ಕೈಗೆ ಬೇಡ ಅನ್ನಿ."

"ಕೈಗೆ ಹೇಳಿದ್ರೆ ಕೇಳಂಗಿಲ್ಲ ತಾಯಿ, ಮೂವತ್ತಾರು ವರ್ಷದ ಕೈ ಅದು." ಅರಿಶಿನದ ಬಟ್ಟಲು ಪಕ್ಕಕ್ಕಿಟ್ಟು ಮತ್ತೆ ಅಂದರು, "ಇನ್ನೊಂದೂ ಐತೆ. ನಾನು ಅಂಗನವಾಡಿ ಕೆಲ್ಸಕ್ಕೆ ಹೋಗ್ತೀನಿ ಅಂದಾಗ ಹಟ್ಟಿನಾಗೆ ಯಾರೂ ಒಪ್ಲಿಲ್ಲ, ನಿಮ್ಮಾವನೂ ಒಪ್ಲಿಲ್ಲ. ಆಯಪ್ಪ ಒಬ್ರೇ ಕಟ್ಟೆ ಮ್ಯಾಲೆ ಕುಂತು, ಆವಾಗಿದ್ದ ನಾಯಿಗೆ, 'ಹೋಗ್ಲಿ ಬಿಡ್ಲೇ ಅವ್ಳು, ನಾಕ್ ಮಕ್ಳಿಗೆ ಅನ್ನ ಬೇಯ್ಸಾದು ತಪ್ಪಾ?' ಅಂತ ಎಲ್ರಿಗೂ ಕೇಳಂಗೆ ಅಂದ್ರು. ಹೆದ್ರಿಕಂಡು ಸೆರಗು ಹಾಕ್ತೀನಿ ಅನ್ಕಂಡ್ಯಾ?"

ಅದಾದ ಮೇಲೆ ನಾನು ಆ ಮಾತು ಎತ್ತಲಿಲ್ಲ. ಷರತ್ತನ್ನೂ ಸಡಿಲಿಸಲಿಲ್ಲ. ಬಿದ್ದವರು ಎದ್ದು ಸೀರೆ ಕೊಡವಿಕೊಳ್ಳಬಹುದು. ಹಿಂದೆ ಕೂತ ಮಗು?

ಜುಲೈ ಕೊನೆಯಲ್ಲಿ ಶಾಲೆಯಿಂದ ಅನುಸೂಯ ಟೀಚರ್ ಫೋನ್ ಮಾಡಿದರು. "ಹುಡುಗಿ ಚುರುಕಿದ್ದಾಳೆ ಕಣ್ರಿ. ನಾನಿನ್ನೂ ಹತ್ತರ ಮುಂದೆ ಕಲಿಸೇ ಇಲ್ಲ, ಇವಳು ಇಪ್ಪತ್ತೆರಡರವರೆಗೆ ಎಣಿಸ್ತಾಳೆ. ಎಲ್ಲಿ ಕಲ್ತೆ ಅಂದ್ರೆ ಅಜ್ಜಿ ಬಿದ್ದಿದ್ದು ಅಂತಾಳೆ. ಆದ್ರೆ ವಾರದಲ್ಲಿ ಒಂದು ದಿನ, ಎರಡು ದಿನ ಬಂದ್ರೆ ಹೆಂಗೆ? ಉಳಿದ ಮಕ್ಕಳು ಅಕ್ಷರ ಮುಗಿಸ್ತಾ ಬಂದ್ವು. ಇವಳು ಇನ್ನೂ ಉ-ನಲ್ಲೇ ಇದ್ದಾಳೆ."

ಫೋನು ಸ್ಪೀಕರಿನಲ್ಲಿತ್ತು. ರಾಗಿ ಆರಿಸುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು.

ಆಗ ಅವರ ಎಣಿಕೆ ಹನ್ನೊಂದನೆಯ ದಿನದಲ್ಲಿತ್ತು. ಚಿಕ್ಕತಿಮ್ಮಪ್ಪನವರು ಹಿರಿಯೂರಿನ ಮಗಳ ಮನೆಗೆ ಹೋಗಿದ್ದರು. ಇನ್ನು ನಾಲ್ಕೇ ದಿನ. ಮಾರನೆಯ ಬೆಳಿಗ್ಗೆ ಅತ್ತೆ ಖಾಲಿ ಕ್ಯಾರಿಯರಿನ ಸೈಕಲ್ ಹತ್ತಿ ಹೊರಟರು. ನಾನು ಮಗುವನ್ನೆತ್ತಿಕೊಂಡು, ರಮ್ಯಾಳ ಕೈ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಚಿಕ್ಕತಿಮ್ಮಪ್ಪನವರು ಹಿಂದಿನ ಸಂಜೆಯೇ ವಾಪಸು ಬಂದಿರುವುದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಸದ್ದು ಕೇಳಿತು. ಓಡಿ ಹೋದೆವು. ಅತ್ತೆ ಎಕ್ಕದ ಗಿಡದ ಪಕ್ಕ ಕೂತಿದ್ದರು. ಏಳಲಿಲ್ಲ, ಚೈನು ನೋಡಲಿಲ್ಲ. ಕಾಳಕ್ಕ ನೀರಿನ ಕೊಡ ಹೊತ್ತು ಬರುತ್ತಿದ್ದವಳು ಎಂದಿನ ಹಾಗೆ, "ಏನ್ ಹುಚ್ಚಕ್ಕ, ಇವತ್ತೂ ಇಳಿದ್ಯಾ?" ಅಂದಳು.

"ಇಲ್ಲ" ಅಂದರು ಅತ್ತೆ. "ಬಿದ್ದೆ."

ಅಷ್ಟು ದಿನದಲ್ಲಿ ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಕಾಳಕ್ಕನ ನಗು ಅಲ್ಲೇ ನಿಂತಿತು. ರಮ್ಯಾ ಮನೆಗೆ ಬಂದು ಇಪ್ಪತ್ತಮೂರನೆಯ ಗೆರೆ ಎಳೆದಳು. ಅತ್ತೆ ಸೈಕಲ್ಲನ್ನು ರೊಪ್ಪಕ್ಕೆ ಒರಗಿಸಿ, "ನೀನು ಹೇಳಿದ್ದೇ ಸರಿ ತಾಯಿ. ಮುಂದಿನ ವರ್ಷಕ್ಕೇ ಕಳ್ಸಾಣ" ಅಂದು ಅಂಗನವಾಡಿಗೆ ನಡೆದು ಹೋದರು.

ಇಡೀ ದಿನ ನನಗೆ ಕೆಲಸ ಸಾಗಲಿಲ್ಲ. ನನಗೆ ಬೇಕಿದ್ದದ್ದೇ ಆಗಿತ್ತು. ಮಗಳು ಮನೆಯಲ್ಲಿ ಸುರಕ್ಷಿತವಾಗಿ ಇದ್ದಳು, ಅತ್ತೆ ನೆಲದ ಮೇಲೆ ನಡೆಯುತ್ತಿದ್ದರು. ಆದರೆ ದಾವಣಗೆರೆಯ ಸ್ಕೂಲಿನ ಗೇಟಿನ ಮುಂದೆ ಕೆಸರಿನಲ್ಲಿ ಕೂತಿದ್ದ ಹುಡುಗಿಯೇ ಮತ್ತೆ ಮತ್ತೆ ಕಣ್ಣ ಮುಂದೆ ಬಂದಳು. ಆವತ್ತು ಅವಳಿಗೆ ಯಾರಾದರೂ ಒಂದು ಮಾತು ಹೇಳಬಹುದಿತ್ತು.

ಮಾರನೆಯ ಬೆಳಿಗ್ಗೆ ಎಂಟಕ್ಕೇ ರಮ್ಯಾಳಿಗೆ ಯೂನಿಫಾರ್ಮ್ ಹಾಕಿದೆ. ಅಂಗನವಾಡಿ ಟೀಚರಿಗೆ ಫೋನ್ ಮಾಡಿ, ಇವತ್ತೊಂದು ದಿನ ಅತ್ತೆ ತಡವಾಗಿ ಬರುತ್ತಾರೆ ಎಂದೆ. ಸೈಕಲ್ಲಿನ ಕ್ಯಾರಿಯರಿಗೆ ಮಡಿಸಿದ ದುಪ್ಪಟಿ ಕಟ್ಟಿದೆ. ಚಕ್ರದ ಕಡ್ಡಿಗಳಿಗೆ ರಮ್ಯಾಳ ಕಾಲು ಸಿಕ್ಕದ ಹಾಗೆ ಎರಡೂ ಕಡೆ ಗೋಣಿತಟ್ಟು ಬಿಗಿದೆ.

"ಏನೇ ಇದು?" ಅಂದರು ಅತ್ತೆ.

"ನೀವು ಹತ್ತಬೇಡಿ. ಕೂರಿಸ್ಕೊಂಡು ತಳ್ಳಿ, ಅಷ್ಟೆ. ನಾನೂ ಹಿಂದೆ ಬರ್ತೀನಿ. ಇವತ್ತು ಇವಳು ಶಾಲೆಗೆ ಹೋಗಲಿ."

ಹಾಗೇ ಹೊರಟೆವು. ಅತ್ತೆ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ತಳ್ಳುತ್ತಿದ್ದರು. ಹಿಂದೆ ರಮ್ಯಾ, ಸೀಟು ಹಿಡಿದು, ರಾಣಿಯ ಹಾಗೆ. ಅದರ ಹಿಂದೆ ಮಗುವನ್ನು ಎದೆಗೆ ಕಟ್ಟಿಕೊಂಡು ನಾನು. ಕಟ್ಟೆಯ ತಿರುವು ಬಂತು. ಕೆಂಪು ರುಮಾಲು ಕಂಡಿತು. ತಳ್ಳಿಕೊಂಡು ಹೋಗುವಾಗಲೂ ಆ ಕೈ ಸುಮ್ಮನಿರಲಿಲ್ಲ. ಅತ್ತೆಯ ಬಲಗೈ ಹ್ಯಾಂಡಲ್ ಬಿಟ್ಟು ಮೇಲೆದ್ದಿತು. ರಮ್ಯಾ ಕೂತ ಭಾರಕ್ಕೆ ಸೈಕಲ್ ವಾಲಿತು. ನಾನು ಹಿಡಿಯಲು ಮುಂದಕ್ಕೆ ಧಾವಿಸಿದೆ.

ಅಷ್ಟರಲ್ಲಿ ರಮ್ಯಾ ಮುಂದಕ್ಕೆ ಬಾಗಿ, ಅಜ್ಜಿಯ ಹೆಗಲ ಮೇಲಿದ್ದ ಸೆರಗನ್ನು ಹಿಡಿದು, ತಲೆಯ ಮೇಲೆ ಎಳೆದು ಹೊದಿಸಿ, ಮೇಲಿಂದ ಒಂದು ಸಲ ತಟ್ಟಿದಳು.

"ನಾನು ಹಾಕ್ತೀನಿ. ನೀನು ಹ್ಯಾಂಡಲ್ ಹಿಡ್ಕ ಅಜ್ಜಿ."

ಅರ್ಧಕ್ಕೆ ಎದ್ದಿದ್ದ ಆ ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ತಾನಾಗಿಯೇ ಹ್ಯಾಂಡಲ್ಲಿಗೆ ವಾಪಸು ಹೋಯಿತು.

ಎರಡು ತಿಂಗಳು ಬೇಲಿಯ ಬಳಿ ನಿಂತು ಅಜ್ಜಿ ಬೀಳುವುದನ್ನು ನೋಡಿದ ಮಗು ಅದು. ಯಾಕೆ ಬೀಳುತ್ತಾರೆಂಬುದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ನಾವು ಅವಳನ್ನು ಕೇಳಿರಲಿಲ್ಲ, ಅಷ್ಟೆ. ಯಾವ ಕ್ಯಾರಿಯರನ್ನು ನಾನು ಖಾಲಿ ಇಡಿಸಿದ್ದೆನೋ, ಅಲ್ಲಿ ಕೂರಬೇಕಾದವಳ ಕೈಯಲ್ಲೇ ಪರಿಹಾರವಿತ್ತು.

"ಅತ್ತೆ, ಹತ್ತಿ" ಅಂದೆ.

ಅವರು ತಿರುಗಿ ನೋಡಿದರು. "ಹದಿನೈದು ದಿನ ಆಗಿಲ್ಲ."

"ಹತ್ತಿ ಅಂದೆನಲ್ಲ. ಹಿಂದಕ್ಕೆ ಹೋಗಿ, ಮನೆ ಹತ್ರದಿಂದ ಬನ್ನಿ."

ಬೇಡ ಅಂತ ಹೇಳಲು ಬಾಯಿ ಎರಡು ಸಲ ತೆರೆದೆ, ಎರಡು ಸಲವೂ ಮುಚ್ಚಿದೆ. ಅತ್ತೆ ಮನೆಯ ಮುಂದಿನ ಕಲ್ಲಿನ ಮೇಲೆ ಕಾಲಿಟ್ಟು ಹತ್ತಿದರು. ರಮ್ಯಾಳ ಒಂದು ಕೈ ಸೀಟಿಗೆ, ಇನ್ನೊಂದು ಆಗಲೇ ಸೆರಗಿನ ಅಂಚಿಗೆ. ಸೈಕಲ್ ಬಂತು. ಕಾಳಕ್ಕ ಕೊಡ ಕೆಳಗಿಟ್ಟಳು. ಚಿಕ್ಕತಿಮ್ಮಪ್ಪನವರು ಕಂಬಳಿ ಹೊದೆಯಲಿಲ್ಲ, ಮರದ ಕಡೆಯೂ ತಿರುಗಲಿಲ್ಲ, ಮೈಯೆಲ್ಲ ಕಣ್ಣಾಗಿ ಕೂತಿದ್ದರು. ತಿರುವಿಗೆ ಹತ್ತು ಮಾರು ಇರುವಾಗ ಪುಟ್ಟ ಕೈ ಸೆರಗನ್ನು ಎಳೆದು ತಲೆಗೆ ಹೊದಿಸಿತು. ದೊಡ್ಡ ಕೈಗಳೆರಡೂ ಹ್ಯಾಂಡಲ್ಲಿನಲ್ಲೇ ಇದ್ದವು. ಸೈಕಲ್ ಎಡಕ್ಕೆ ವಾಲಿತು, ತಿರುಗಿತು, ನೆಟ್ಟಗಾಯಿತು, ಎಕ್ಕದ ಗಿಡವನ್ನು ದಾಟಿತು.

ಅತ್ತೆ ನಿಲ್ಲಿಸಲಿಲ್ಲ. ಹಿಂದೆ ತಿರುಗಿ ನೋಡಲೂ ಇಲ್ಲ. ನಾನು ಮಗುವನ್ನು ಅವುಚಿಕೊಂಡು ಹಳ್ಳದ ಏರಿಯವರೆಗೆ ಓಡಿದೆ. ಹೊಲಿಗೆಯ ಜಾಗ ಚುರುಗುಟ್ಟಿತು. ಹಳ್ಳ ದಾಟಿ, ಜೋಳದ ಹೊಲದ ಅಂಚಿನಲ್ಲಿ ಹಸಿರು ಸೀರೆಯೂ ಬಿಳಿ ಯೂನಿಫಾರ್ಮೂ ಒಂದಾಗಿ, ಚಿಕ್ಕದಾಗಿ, ಟಾರು ರಸ್ತೆಯ ಕಡೆ ಹೋಗುವುದನ್ನು ಕಣ್ಣಿಗೆ ಕಾಣುವಷ್ಟು ಹೊತ್ತೂ ನೋಡಿದೆ.

ವಾಪಸು ಬರುವಾಗ ಚಿಕ್ಕತಿಮ್ಮಪ್ಪನವರು ಕರಿಯನ ಕುತ್ತಿಗೆ ಕೆರೆಯುತ್ತಾ ಕೂತಿದ್ದರು.

"ನೋಡ್ದೇನ್ಲೇ ಕರಿಯ? ನಮ್ಮ ಹುಚ್ಚಕ್ಕ ಲೇ" ಅಂದರು. ನಾಯಿಗೆ 'ಅವಳು' ಅನ್ನದೆ ಹೆಸರು ಹಿಡಿದು ಹೇಳಿದ್ದು ಅದೇ ಮೊದಲು.

ಆವತ್ತು ಒಂಬತ್ತೂವರೆಗೆ ಐದು ನಿಮಿಷ ಇರುವಾಗಲೇ ಅಂಗನವಾಡಿಯ ಬಾಗಿಲು ತೆಗೆದಿತ್ತು. ನಾನು ಟೀಚರಿಗೆ ಫೋನ್ ಮಾಡಿದ್ದು ದಂಡವಾಯಿತು.

ರಮ್ಯಾ ಈಗ ಎರಡನೇ ತರಗತಿ. ಆ ದಿನದಿಂದ ಇಲ್ಲಿಯವರೆಗೆ, ಜ್ವರ ಬಂದ ನಾಲ್ಕು ದಿನ ಬಿಟ್ಟರೆ, ಒಂದು ದಿನವೂ ಶಾಲೆ ತಪ್ಪಿಸಿಲ್ಲ. ಅತ್ತೆಯೂ ಅವಳ ಪಕ್ಕ ಕೂತು ಸ್ಲೇಟು ಹಿಡಿಯುತ್ತಾರೆ. ಅರ್ಧಕ್ಕೆ ನಿಂತ ಉ ಯಾವತ್ತೋ ಮುಗಿಯಿತು, ಈಗ ಅಂಗನವಾಡಿಯ ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟಿನ ಬದಲು ಹೆಸರನ್ನೇ ಬರೆಯುತ್ತಾರೆ. ಹೋದ ತಿಂಗಳು ಮನೆಗೆ ಸುಣ್ಣ ಹೊಡೆಸುವಾಗ ಹಿತ್ತಿಲ ಗೋಡೆಯ ಆ ಇಪ್ಪತ್ತಮೂರು ಗೆರೆಗಳನ್ನು ಮುಟ್ಟಬೇಡಿ ಎಂದು ನಾನೇ ಹೇಳಿದೆ. ಬಂದ ನೆಂಟರಿಗೆಲ್ಲ ಅದನ್ನು ತೋರಿಸುತ್ತೇನೆ. ಬೇರೆಯವರು ಗೋಡೆಗೆ ಹಾಕುವ ಸರ್ಟಿಫಿಕೇಟಿನ ಹಾಗೆ ನನಗೆ ಅದು.

ಕಳೆದ ಭಾನುವಾರ ಕಣದಲ್ಲಿ ಹೊರಗಿನವರು ಯಾರೂ ಇಲ್ಲದಾಗ ನಾನೂ ಸೈಕಲ್ ಹತ್ತಿದೆ. ಹದಿನಾರು ವರ್ಷವಾಗಿತ್ತು. ಒಂದು ಸುತ್ತು ಹೊಡೆದೆ, ಎರಡನೆಯ ಸುತ್ತಿನಲ್ಲಿ ಮಗನೆಲ್ಲಿ ಎಂದು ತಿರುಗಿ ನೋಡಿದೆ, ಅದೇ ಬಣವೆಯೊಳಗೆ ಹೋದೆ. ಹೊರಗೆ ಬಂದಾಗ ರಮ್ಯಾ ಆಗಲೇ ಇದ್ದಿಲು ತರಲು ಓಡುತ್ತಿದ್ದಳು. ಬೇಲಿಯ ಮೇಲೆ ಕಾಳಕ್ಕನ ಮುಖ ಮೂಡಿತು.

"ಏ ಹುಚ್ಚಕ್ಕ, ನಿನ್ ಸೊಸೆ ಬಿದ್ಲಲ್ಲೇ!"

ಅತ್ತೆ ಅಡುಗೆಮನೆಯಿಂದಲೇ ಕೂಗಿ ಹೇಳಿದರು:

"ಯಾವೋಳೇ ಅದು ಬಿದ್ಲು ಅನ್ನಾಳು? ಇಳಿದಾಳೆ ಕಣೇ, ಇಳಿದಾಳೆ. ಈಗ ಹತ್ತತಾಳೆ ನೋಡು."